ಮರಕಾಫಿಯ ಹನ್ನೊಂದು ಚೀಲ

ಫೆಬ್ರವರಿ 10, 2025. ಸೋಮವಾರ. ಬೆಳಿಗ್ಗೆ 6.40

ಕಾಫಿ ಹುರಿಯುವ ಡ್ರಮ್ಮು ಕಾಯುತ್ತಿದೆ. ಇವತ್ತು ರೋಬಸ್ಟಾ ಎರಡು ಸುತ್ತು, ಪೀಬೆರಿ ಒಂದು ಸುತ್ತು. ಚಿಕೋರಿ ಮುಗಿದಿದೆ ಎಂದು ನವೀನನಿಗೆ ಹೇಳಿ ಮೂರು ದಿನವಾಯಿತು. ಹೇಳಿದ್ದು ಅವನ ಕಿವಿಗೆ ಹೋಗುವುದಿಲ್ಲ, ಬೈದರೆ ಮಾತ್ರ ಹೋಗುತ್ತದೆ.

ಇದು ಹುರಿತದ ಪುಸ್ತಕ. ಮುಂದಿನ ಹಾಳೆಗಳಲ್ಲಿ ಯಾವ ಬೀಜ ಎಷ್ಟು ನಿಮಿಷ ಎಂದು ಬರೆಯುತ್ತೇನೆ. ಹಿಂದಿನಿಂದ ತಿರುಗಿಸಿದರೆ ಇದು. ನವೀನ ಪುಸ್ತಕ ಮುಟ್ಟುವವನಲ್ಲ, ಹಾಗಾಗಿ ಭಯವಿಲ್ಲ. ಬಾಯಲ್ಲಿ ಅಣ್ಣ ಎನ್ನುತ್ತೇನೆ. ಇಲ್ಲಿ ನವೀನ.

ನಾಡಿದ್ದು ಹುಬ್ಬಳ್ಳಿಯಿಂದ ಸುನೀಲ ಎನ್ನುವವರು ಬರುತ್ತಾರಂತೆ. ಅಲ್ಲಿ ಹೊಸ ಕೆಫೆ ಹಾಕುತ್ತಿದ್ದಾರೆ. ಒಂದೊಂದು ತಳಿಯನ್ನೂ ಬೇರೆ ಇಟ್ಟು, ಬೇರೆ ಬೇರೆ ರೀತಿಯಲ್ಲಿ ಮಾಡಿ ಕೊಡುತ್ತಾರಂತೆ. ಯಾವುದಕ್ಕೆ ಹಿತ್ತಾಳೆ ಫಿಲ್ಟರ್, ಯಾವುದನ್ನು ಪೇಪರಿನಲ್ಲಿ ಸೋಸಬೇಕು, ಯಾವುದನ್ನು ಪಾತ್ರೆಯಲ್ಲೇ ಕುದಿಸಬೇಕು, ನಮ್ಮಲ್ಲಿ ಕಲಿತು ಹೋಗಬೇಕಂತೆ. ಶಿರಸಿಗೆ ಕಾಫಿ ಕಲಿಯಲು ಬರುವವರೂ ಇದ್ದಾರೆ ಎಂದರೆ ಅಪ್ಪ ನಗುತ್ತಿದ್ದ. ನಕ್ಕು, ಆಮೇಲೆ ಯಾರಿಗಾದರೂ ಒಂದು ಬಾರಿಸುತ್ತಿದ್ದ.

ಬೀಜ ಸಿಡಿಯಲು ಶುರುವಾಯಿತು. ಹೋಗಬೇಕು.

ಫೆಬ್ರವರಿ 11. ಬೆಳಿಗ್ಗೆ

ಅಪ್ಪನ ಟವೆಲ್ ನೆನಪಾಯಿತು. ಭಾನುವಾರ ಅಂಗಡಿಗೆ ರಜೆ, ನಮ್ಮಿಬ್ಬರಿಗೆ ಪರೀಕ್ಷೆ. ಕಣ್ಣಿಗೆ ಟವೆಲ್ ಬಿಗಿದು ಮುಂದೆ ಮೂರು ಲೋಟ ಇಡುತ್ತಿದ್ದ. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆಯದು ಯಾವುದು, ಅದು ಯಾವ ತಳಿ, ಎರಡನ್ನೂ ಹೇಳಬೇಕು. ತಪ್ಪಿದರೆ ಮೋಟಾರಿನ ಹಳೆಯ ಬೆಲ್ಟು. ಆಗ ನನಗೆ ಒಂಬತ್ತು, ನವೀನನಿಗೆ ಹದಿಮೂರು.

ನನಗೆ ಒಂದು ಸಲವೂ ತಪ್ಪಲಿಲ್ಲ. ಅರೇಬಿಕಾ ಎಂದರೆ ಕಿತ್ತಳೆ ಸಿಪ್ಪೆ. ರೋಬಸ್ಟಾ ಎಂದರೆ ಹುರಿದ ಶೇಂಗಾ, ಒದ್ದೆ ಕಟ್ಟಿಗೆ. ಮರದಷ್ಟು ಎತ್ತರ ಬೆಳೆಯುವ ಮರಕಾಫಿ ಎಂದರೆ ಹಲಸಿನ ಹಣ್ಣು, ಅದೂ ಒಂದು ದಿನ ಹೆಚ್ಚೇ ಹಣ್ಣಾದದ್ದು. ನವೀನನಿಗೆ ಎಲ್ಲವೂ ಬರೀ ಕಾಫಿ. ಅವನ ಮೀನಖಂಡದ ಮೇಲೆ ಬಾಸುಂಡೆ ಏಳುತ್ತಿತ್ತು. ನಾನು ನಗುತ್ತಿದ್ದೆ. ನಿಜಕ್ಕೂ ನಗುತ್ತಿದ್ದೆ, ಇಲ್ಲಿ ಸುಳ್ಳು ಬರೆಯಬಾರದು.

ಮೂಗಿದ್ದವರಿಗೆ ಡ್ರಮ್ಮು, ಇಲ್ಲದವರಿಗೆ ಚೀಲ ಎಂದು ಅಪ್ಪ ತೀರ್ಮಾನ ಮಾಡಿದ. ಒಂಬತ್ತು ವರ್ಷದ ಹಿಂದೆ ಯಲ್ಲಾಪುರದ ಗಂಡನ ಮನೆಯಿಂದ ಅವನು ಮುರಿದ ಬೆರಳು ಹಿಡಿದುಕೊಂಡು ಬಂದಾಗ ಅಪ್ಪ ಏನೂ ಕೇಳಲಿಲ್ಲ, ಡ್ರಮ್ಮಿನ ಕೋಣೆಯ ಬೀಗದ ಕೈ ಕೊಟ್ಟ. ಮರುವರ್ಷ ಸತ್ತ. ಅಂಗಡಿ ನವೀನನ ಹೆಸರಿಗೆ ಹೋಯಿತು. ನನಗೆ ಉಳಿದದ್ದು ಮೂಗು.

ಫೆಬ್ರವರಿ 14. ಆಸ್ಪತ್ರೆ

ತಲೆಯ ಹಿಂದೆ ಏಳು ಹೊಲಿಗೆ. ಸ್ಕ್ಯಾನ್ ಆಯಿತು, ಮೂಳೆ ಒಡೆದಿಲ್ಲವಂತೆ. ಹೇಗಾಯಿತು ಎಂದು ಕೇಳಿದರು. ಬಿದ್ದೆ ಎಂದೆ.

ಮೊನ್ನೆ ಸುನೀಲ ಬಂದರು. ನವೀನ ಒಂದು ಚೀಲ ಬಿಚ್ಚಿ, ಪಕ್ಕಾ ಅರೇಬಿಕಾ, ಸಿದ್ದಾಪುರದ ಕಡೆಯದು ಎಂದ. ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು ನಾಲ್ಕು ನಿಮಿಷ ಬಿಟ್ಟೆ. ಮೇಲೆ ಕಟ್ಟಿದ ಕೆನೆ ಒಡೆದು ಮೂಸಿದೆ. ಚಮಚದಿಂದ ಸುರ್ರೆಂದು ಎಳೆದೆ. ಮೂರರಲ್ಲೊಂದು ಪಾಲು ರೋಬಸ್ಟಾ ಎಂದೆ, ಗಿರಾಕಿಯ ಎದುರೇ. ಆಮೇಲೆ ಹಸಿಬೀಜವನ್ನು ತಟ್ಟೆಗೆ ಸುರಿದು ತೋರಿಸಿದೆ. ಅರೇಬಿಕಾ ಉದ್ದ, ಚಪ್ಪಟೆ, ನಡುಗೆರೆ ಡೊಂಕು. ರೋಬಸ್ಟಾ ಗುಂಡಗೆ, ಗೆರೆ ನೇರ. ಬೇರೆ ಬೇರೆ ಎರಡು ಗುಡ್ಡೆ ಮಾಡಿಟ್ಟೆ. ಸುನೀಲ ನಕ್ಕು, ಇನ್ನು ಮುಂದೆ ಚೀಟಿ ನೋಡುವುದಿಲ್ಲ, ನಿಮ್ಮ ಮೂಗನ್ನೇ ನಂಬುತ್ತೇನೆ ಎಂದರು. ನವೀನನೂ ನಕ್ಕ.

ಅವರ ಕಾರು ಹೋದ ಮೇಲೆ ಷಟರ್ ಅರ್ಧ ಎಳೆದ.

"ನನ್ನ ಅಂಗಡೀಲಿ ನಿಂತ್ಕಂಡು ನನ್ನ ಮರ್ಯಾದೆ ತೆಗೀತ್ಯೇನೆ?"

ಕಲಬೆರಕೆ ಮಾಡುವವನಿಗೆ ಎಂಥ ಮರ್ಯಾದೆ ಎಂದೆ. ಕೈಯಲ್ಲಿ ಬಿಸಿ ಡಿಕಾಕ್ಷನ್ ಇತ್ತು, ಅವನ ಪಾದಕ್ಕೇ ಎರಚಿದೆ. ಜಡೆ ಹಿಡಿದು ತಿರುಗಿಸಿದ. ಡ್ರಮ್ಮಿನ ಬೀಡುಕಬ್ಬಿಣದ ಕಾಲು ತಲೆಯ ಹಿಂದೆ. ಒಂದು ಸಲ ಬಡಿದದ್ದು ನೆನಪಿದೆ. ಎರಡನೆಯ ಸಲ ಬಡಿದ ಎಂದು ಶಮ್ಸುನ್ನಿಸಾ ಹೇಳಿದಳು. ಬೀಜ ಆರಿಸಲು ಹನ್ನೆರಡು ವರ್ಷದಿಂದ ಬರುವವಳು, ಅವಳೇ ಕಿರುಚಿ ಅವನನ್ನು ಬಿಡಿಸಿದ್ದು.

ಈಗ ಇಲ್ಲೇ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. ಎಳನೀರು ತಂದಿದ್ದಾನೆ. ಎಳನೀರು!

ಫೆಬ್ರವರಿ 19. ಬೆಳಿಗ್ಗೆ 7

ಅಂಗಡಿಗೆ ಬಂದೆ. ಡ್ರಮ್ಮು ಹಚ್ಚಿದೆ. ಬೀಜ ಹಳದಿಯಾಯಿತು, ಕಂದಾಯಿತು, ಸಿಡಿಯಿತು. ಹೊಗೆ ಕಣ್ಣಿಗೆ ಕಾಣುತ್ತಿದೆ, ಕಣ್ಣು ಉರಿಯುತ್ತಿದೆ. ವಾಸನೆ ಇಲ್ಲ.

ಶೀತ ಇರಬೇಕು.

ಫೆಬ್ರವರಿ 20

ಶೀತವಲ್ಲ. ಬೆಳ್ಳುಳ್ಳಿ ಜಜ್ಜಿ ಹಿಡಿದೆ. ಫಿನಾಯಿಲ್ ಮುಚ್ಚಳ ತೆಗೆದು ಮೂಗಿಗಿಟ್ಟೆ. ಸೀಮೆಎಣ್ಣೆ. ಕರ್ಪೂರ. ಕರ್ಪೂರ ಚುರುಕ್ಕೆಂದಿತು ಅಷ್ಟೆ, ವಾಸನೆ ಬರಲಿಲ್ಲ. ಅಪ್ಪನ ಹಳೆಯ ಕೋಟು ಪೆಟ್ಟಿಗೆಯಿಂದ ತೆಗೆದು ಮುಖ ಹುದುಗಿಸಿದೆ. ಬಟ್ಟೆ. ಬರೀ ಬಟ್ಟೆ.

ಅತ್ತುಬಿಟ್ಟೆ. ಆಮೇಲೆ ಕೈಗೆ ಸಿಕ್ಕ ಲೋಟಗಳನ್ನೆಲ್ಲ ಗೋಡೆಗೆ ಹೊಡೆದೆ, ಹದಿನಾಲ್ಕು. ಏನದು ಸದ್ದು ಎಂದು ನವೀನ ಕೆಳಗಿನಿಂದ ಕೇಳಿದ. ಕಪಾಟು ಬಿತ್ತು ಎಂದೆ.

ಮಾರ್ಚ್ 6

ಕಿವಿ ಮೂಗಿನ ಡಾಕ್ಟರು. ಬೀಪಿ ನೋಡಿಸಲು ಹೋಗುತ್ತೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದೆ. ಮೂಗಿಗೆ ಏನೂ ಆಗಿಲ್ಲವಂತೆ. ತಲೆಗೆ ಹಿಂದಿನಿಂದ ಪೆಟ್ಟು ಬಿದ್ದಾಗ ಒಳಗೆ ಮಿದುಳು ಅಲುಗಿ, ಮೂಗಿನ ಮೇಲಿನ ಎಳೆ ನರಗಳು ಹರಿದಿರಬಹುದಂತೆ. ವರ್ಷದೊಳಗೆ ಬಂದರೆ ಬಂತು. ಬರದವರೇ ಹೆಚ್ಚು. ಎಲ್ಲವನ್ನೂ ಕಾಗದದ ಮೇಲೆ ಬರೆದು ಸೀಲು ಹೊಡೆದು ಕೊಟ್ಟರು.

ದಾರಿಯಲ್ಲಿ ಒಂದೇ ಯೋಚನೆ. ಅವನ ಬಲಗೈಯನ್ನು ಡ್ರಮ್ಮಿನ ಬಾಯಿಗೆ ತುರುಕಿ ಹಿಡಿಯಬೇಕು. ರೋಬಸ್ಟಾಕ್ಕೆ ಹದಿನಾಲ್ಕು ನಿಮಿಷ. ಕೈಗೆ ಎಷ್ಟು ಬೇಕು? ಬಸ್ ಸ್ಟ್ಯಾಂಡ್ ತನಕ ಇದನ್ನೇ ಲೆಕ್ಕ ಹಾಕಿದೆ, ಸಮಾಧಾನವಾಯಿತು.

ಮಾರ್ಚ್ 8. ಸಂಜೆ

ಹೇಳಿಬಿಡೋಣ ಎಂದುಕೊಂಡಿದ್ದೆ. ನೀನು ಮಾಡಿದ್ದು ನೋಡು ಎಂದು ಕಾಗದವನ್ನು ಮುಖಕ್ಕೆಸೆಯಬೇಕು ಎಂದಿದ್ದೆ. ಊಟಕ್ಕೆ ಕೂತಾಗ ಅವನೇ ಶುರು ಮಾಡಿದ. ಯಲ್ಲಾಪುರದವ ಸಿಕ್ಕಿದ್ದನಂತೆ, ಕುಡಿತ ಬಿಟ್ಟಿದ್ದಾನಂತೆ, ಬಂದರೆ ಇಟ್ಟುಕೊಳ್ಳುತ್ತಾನಂತೆ.

"ಇಲ್ಲಿ ನಿಂದು ಡ್ರಮ್ಮಿನ ಕೆಲಸ ಒಂದದೆ ಅಂತ ಸುಮ್ಮಂಗಿದ್ದೆ. ಅದೂ ಮಾಡೂಲೆ ಆಗ್ದೆ ಹೋದ್ರೆ ಯಲ್ಲಾಪುರಕ್ಕೆ ಬಿಟ್ಟಿಕ್ಕಿ ಬರ್ತೆ, ನೋಡು."

ತಲೆಯ ಹೊಲಿಗೆಗೆಂದು ನಾನು ಡ್ರಮ್ಮಿಗೆ ಬಾರದ ದಿನಗಳಿಗೆ ಅಂದದ್ದು, ಮೂಗಿನ ವಿಷಯ ಅವನಿಗೆ ಗೊತ್ತಿಲ್ಲ. ಕಾಗದವನ್ನು ಈ ಪುಸ್ತಕದ ರಟ್ಟಿನೊಳಗೆ ಅಂಟಿಸಿದೆ. ಅಲ್ಲಿಗೆ ಹೋದರೆ ಆ ಮನುಷ್ಯ ಈ ಸಲ ಬೆರಳಿಗೇ ನಿಲ್ಲಿಸುವವನಲ್ಲ. ಯಾರಿಗೂ ಹೇಳುವುದಿಲ್ಲ.

ಮಾರ್ಚ್ 22

ಹದಿನೈದು ದಿನದಿಂದ ಮೊದಲಿನಿಂದ ಕಲಿಯುತ್ತಿದ್ದೇನೆ. ನಾಲಿಗೆ ಸತ್ತಿಲ್ಲ. ಹುಳಿ, ಕಹಿ, ಸಿಹಿ, ಉಪ್ಪು ಸಿಗುತ್ತವೆ. ನೀರಿನ ಭಾರ ಸಿಗುತ್ತದೆ.

ಅರೇಬಿಕಾ ಪೇಪರಿನಲ್ಲಿ ಸೋಸಿದಾಗ: ನಾಲಿಗೆಯ ಎರಡು ಬದಿಗೆ ಹುಳಿ, ನೀರಿನಷ್ಟೇ ಹಗುರ. ನೀರು ಸಣ್ಣಗೆ, ಸುತ್ತ ತಿರುಗಿಸಿ ಹೊಯ್ಯಬೇಕು. ಮೂರು ನಿಮಿಷ ದಾಟಿದರೆ ಕಹಿ ಇಳಿಯುತ್ತದೆ. ರೋಬಸ್ಟಾ ಹಿತ್ತಾಳೆ ಫಿಲ್ಟರಿನಲ್ಲಿ: ದಪ್ಪ, ನಾಲಿಗೆಯ ಬುಡದಲ್ಲಿ ಕಹಿ, ಹಾಲು ಹಾಕಿದರೂ ಜಗ್ಗುವುದಿಲ್ಲ. ಪೀಬೆರಿ ಒಂಟಿ ಬೀಜ, ಡ್ರಮ್ಮಿನಲ್ಲಿ ಉರುಳುವ ಸದ್ದೇ ಬೇರೆ. ಹುರಿಯುವುದಕ್ಕೆ ಕಿವಿ ಮತ್ತು ಗಡಿಯಾರ ಸಾಕು. ಮೊದಲ ಸಿಡಿತ ಮುಗಿದು ಒಂದೂವರೆ ನಿಮಿಷಕ್ಕೆ ಇಳಿಸಿದರೆ ಯಾರಿಗೂ ವ್ಯತ್ಯಾಸ ತಿಳಿಯುತ್ತಿಲ್ಲ.

ಮರಕಾಫಿ ಮಾತ್ರ ಸಿಗುವುದಿಲ್ಲ. ಬೆಲ್ಲ ಹಾಕಿ ಕುದಿಸಿದೆ, ಹಾಕದೆ ಕುದಿಸಿದೆ, ಎಲ್ಲ ಬೆಚ್ಚಗಿನ ಕಹಿನೀರು. ಅದು ಪೂರ್ತಿ ಮೂಗಿನ ಕಾಫಿ.

ಏಪ್ರಿಲ್ 9

ಸುನೀಲ ಮತ್ತೆ ಬಂದರು. ಐದು ಲೋಟ ಇಟ್ಟು ಪರೀಕ್ಷೆ. ಕೆನೆ ಒಡೆದು, ಬಗ್ಗಿ, ಕಣ್ಣು ಮುಚ್ಚಿ ಮೂಸುವ ನಾಟಕ ಆಡಿದೆ. ಚಮಚ ಎಳೆದು ನಾಲಿಗೆಯಿಂದ ನಾಲ್ಕು ಹೇಳಿದೆ. ಉಳಿದದ್ದು ಮರಕಾಫಿಯೇ ಎಂದು ಲೆಕ್ಕದಿಂದ ಹೇಳಿದೆ. ಐದೂ ಸರಿ. ಬೆನ್ನು ಬೆವರಿನಲ್ಲಿ ತೊಯ್ದಿತ್ತು.

ಮರಕಾಫಿಗೆ ಅವರು ಮರುಳಾದರು. ಈ ಹಲಸಿನ ವಾಸನೆ ಹುಬ್ಬಳ್ಳಿಯಲ್ಲಿ ಯಾರ ಹತ್ತಿರವೂ ಇಲ್ಲ, ಬಂದಷ್ಟೂ ಬೇಕು, ಬೆಲ್ಲದಲ್ಲಿ ಕುದಿಸಿ ಮಣ್ಣಿನ ಲೋಟದಲ್ಲಿ ಕೊಡುತ್ತೇನೆ ಎಂದರು. ಮರಕಾಫಿ ಹೆಚ್ಚಿಗೆ ಇರುವುದು ಕಾನಸೂರಿನ ಗಣಪಣ್ಣನ ಹತ್ತಿರ ಮಾತ್ರ. ಅವನ ಅಜ್ಜ ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟ ಮರಗಳು, ಏಣಿ ಹಾಕಿ ಕೊಯ್ಯಬೇಕು. ನವೀನನ ಜೀವಮಾನದಲ್ಲೇ ಇದು ದೊಡ್ಡ ಆರ್ಡರು. ನನ್ನ ತಲೆ ಸವರಿದ, ಹೊಲಿಗೆ ಹಾಕಿದ ಜಾಗದ ಮೇಲೇ. ಆ ಕೈಯನ್ನು ಕಚ್ಚಿ ತುಂಡು ಮಾಡಬೇಕು ಎನ್ನಿಸಿತು. ನಕ್ಕೆ.

ಏಪ್ರಿಲ್ 28

ಮಧ್ಯಾಹ್ನ ನಿನ್ನೆಯ ಸಾರು ಉಂಡೆ. ಶಮ್ಸುನ್ನಿಸಾ ತನ್ನ ಡಬ್ಬಿ ಮುಚ್ಚಿಟ್ಟು ನನ್ನನ್ನೇ ನೋಡುತ್ತಿದ್ದಳು. ಹಳಸಿತ್ತಂತೆ, ಬಾಗಿಲ ತನಕ ನಾರುತ್ತಿತ್ತಂತೆ. ಹುಳಿ ನನಗೂ ಗೊತ್ತಾಗಿತ್ತು, ಹುಣಸೆ ಎಂದುಕೊಂಡಿದ್ದೆ.

"ಬೇಟಿ, ನಿನ್ನ ಮೂಗು ಹೋಗಿದೆ ಅಲ್ವಾ," ಎಂದಳು. "ಅಣ್ಣಂಗೆ ಹೇಳ್ಬೇಡ. ಆದ್ರೆ ಗಿರಾಕಿ ಮಾಲಿಗೆ ನನ್ನ ಕರಿ, ನಾನು ಮೂಸಿ ಹೇಳ್ತೀನಿ."

ಸಿಟ್ಟು ನೆತ್ತಿಗೇರಿತು. ಬೀಜ ಆರಿಸುವವಳು ನನಗೆ ಮೂಗು ಸಾಲ ಕೊಡುತ್ತಾಳೆಯೇ? ಬಾಯಿಗೆ ಬಂದದ್ದೆಲ್ಲ ಬೈದೆ. ಅವಳು ಮೊರ ತೆಗೆದುಕೊಂಡು ಆಚೆ ಹೋಗಿ ಕೂತಳು. ಮೂಗಿಗಿಂತ ಮೂಗುತಿ ಭಾರ ಅಂದರೆ ನಾನೇ.

ಮೇ 24. ಶನಿವಾರ. ಮಧ್ಯಾಹ್ನ 3

ಈ ವರ್ಷ ಮಳೆ ಯಾರನ್ನೂ ಕೇಳದೆ ಮೊದಲೇ ಬಂದು ಕೂತಿದೆ. ನವೀನ ಪಿಕಪ್ಪಿನಲ್ಲಿ ಗಣಪಣ್ಣನನ್ನೂ ಹನ್ನೊಂದು ಚೀಲ ಮರಕಾಫಿಯನ್ನೂ ತಂದು ಇಳಿಸಿ, ಬೇರೆ ಬಾಡಿಗೆಗೆ ಹೋದ. ಶಮ್ಸುನ್ನಿಸಾ ಇಲ್ಲ, ಮಗಳ ಹೆರಿಗೆಗೆಂದು ಯಲ್ಲಾಪುರಕ್ಕೆ ಹೋಗಿದ್ದಾಳೆ.

ಗಣಪಣ್ಣ ಎರಡು ಚೀಲಗಳನ್ನು ತಾನೇ ಬೇರೆ ಇಟ್ಟ. ಅವುಗಳ ಬಾಯಿಗೆ ಕೆಂಪು ದಾರ ಕಟ್ಟಿದ್ದ.

"ತಂಗೀ, ಇದೆರಡು ಮಳೆಗೆ ಸಿಕ್ಕಿ ಬಿತ್ತು. ಬೂಸ್ಟು ಬತ್ತು ಹೇಳಿ ಅಡಿಕೆ ಡ್ರೈಯರ್ ಮೇಲೆ ಒಣಗಿಸಿದ್ದಿ. ಚೊಗರಿನ ತಟ್ಟಿ ಬೇರೆ. ಹೊಗೆ ಹಿಡದ್ದಾ ಹೇಳಿ ನೀನೇ ಮೂಸಿ ನೋಡು. ಹಿಡದ್ದು ಹೌದಾದ್ರೆ ಬ್ಯಾಡ, ವಾಪಸ್ ತಗಂಡು ಹೋಗ್ತಿ. ಮನೇಲಿ ಬೆಲ್ಲ ಹಾಕ್ಯಂಡು ಕುಡೀತ್ಯ."

ಕೆಂಪಡಿಕೆ ಬೇಯಿಸಿದ ಚೊಗರು ಅಂಟಿದ ತಟ್ಟಿ, ಕೆಳಗೆ ಕಟ್ಟಿಗೆಯ ಹೊಗೆ. ಕಾಫಿ ಬೀಜ ಎಲ್ಲವನ್ನೂ ಹೀರುತ್ತದೆ. ಮೂಗಿದ್ದರೆ ಚೀಲ ಬಿಚ್ಚುವ ಮೊದಲೇ ತಿಳಿಯುತ್ತಿತ್ತು. ಬೀಜದಲ್ಲಿ ಕೈಯಾಡಿಸಿದೆ, ಒಣಗಿತ್ತು, ಗಟ್ಟಿ ಇತ್ತು. ಮುಷ್ಟಿ ತುಂಬಿ ಮುಖಕ್ಕೆ ಹಿಡಿದೆ. ಉಸಿರೆಳೆದೆ. ಗೋಡೆ ಮೂಸಿದಂತೆ.

ಗೊತ್ತಿಲ್ಲ ಎನ್ನಬಹುದಿತ್ತು. ಎರಡು ಚೀಲ ಇರಲಿ, ಶಮ್ಸುನ್ನಿಸಾ ಬರಲಿ ಎನ್ನಬಹುದಿತ್ತು. ಯಾಕೆ ಇಟ್ಟಿದ್ದೀ, ನೀನೇ ಮೂಸಬಾರದೇ ಎಂದು ನವೀನ ಕೇಳುತ್ತಾನೆ. ಅಲ್ಲಿಂದ ಯಲ್ಲಾಪುರಕ್ಕೆ ಎರಡೇ ಮಾತು.

ಏನೂ ಆಗಿಲ್ಲ ಗಣಪಣ್ಣ, ಚೆನ್ನಾಗಿದೆ ಎಂದೆ. ಅವನ ಮುಖ ಅರಳಿತು. ನೀನು ಹೇಳಿದ ಮೇಲೆ ಮುಗಿಯಿತು ಎಂದ.

ಮೇ 26

ಹನ್ನೊಂದೂ ಚೀಲ ಒಟ್ಟಿಗೆ ಸುರಿದು ಬೆರೆಸಿದೆ. ಕೆಂಪು ದಾರ ಒಲೆಗೆ ಹಾಕಿದೆ. ಎರಡು ದಿನ ಬಿಡದೆ ಹುರಿದರೆ ಮುಗಿಯುತ್ತದೆ. ಹೊಗೆ ಹಿಡಿದಿರಲಿಕ್ಕಿಲ್ಲ. ನವೀನನ ಮೂಗು ಗುಟಕಾ ತಿಂದೇ ಸತ್ತಿದೆ, ಅವನಿಗೆ ತಿಳಿಯುವುದಿಲ್ಲ. ಒಳ್ಳೆಯದೇ ಇರಬೇಕು.

ಜೂನ್ 3

ಸುನೀಲ ಫೋನು ಮಾಡಿದರು. ಕೆಫೆ ತೆರೆದ ದಿನವೇ ಮರಕಾಫಿ ಕೊಟ್ಟರಂತೆ. ಕುಡಿದವರು ಲೋಟ ಅಲ್ಲೇ ಬಿಟ್ಟು ಎದ್ದರಂತೆ.

"ಕಾಫಿ ಕುಡದಂಗಿಲ್ರಿ ಮೇಡಂ. ಅಡಿಕಿ ಕುದಿಸಿದ ನೀರು ಕುಡದಂಗೈತಿ. ಒಲಿ ಮುಂದ ಕುಂತಂಗ ಹೊಗಿ ವಾಸನಿ. ನಿಮ್ಮ ಮೂಗು ನಂಬಿ ತಗೊಂಡೀನ್ರಿ ನಾನು."

ಸ್ಪೀಕರಿನಲ್ಲಿತ್ತು. ನವೀನ ಕೇಳಿಸಿಕೊಂಡ. ಎಲ್ಲ ಮಾಲೂ ವಾಪಸ್ಸು, ಮುಂದಿನ ಆರ್ಡರುಗಳೂ ಇಲ್ಲ. ನವೀನ ಎದ್ದು ಗೋಡೆಗೆ ತಲೆ ಬಡಿದುಕೊಂಡ. ಆಮೇಲೆ ನನ್ನ ಕಡೆ ತಿರುಗಿದ. ಹೊಡೆಯುತ್ತಾನೆ ಎಂದು ತಲೆಗೆ ಕೈ ಅಡ್ಡ ಹಿಡಿದೆ. ಹೊಡೆಯಲಿಲ್ಲ. ಯಾರು ಮಾಡಿದ್ದು ಇದು ಎಂದು ಕೇಳಿದ. ಡ್ರೈಯರ್ ಮೇಲೆ ಒಣಗಿಸಿರಬೇಕು ಎಂದು ನನ್ನ ಬಾಯೇ ಹೇಳಿತು. ನನಗೆ ಹೇಳದೇ ಕೊಟ್ಟನೇ ಎಂದ. ಡ್ರಮ್ಮು ಆರಿಸಲು ಒಳಗೆ ಹೋದೆ.

ಜೂನ್ 4. ಸಂಜೆ

ಬರೆಯಲೇಬೇಕು.

ಬೆಳಿಗ್ಗೆ ಎಲ್ಲಿಯೂ ನಿಲ್ಲಿಸದೆ ಪಿಕಪ್ ಓಡಿಸಿದ. ನನ್ನನ್ನೂ ಎಳೆದು ಕೂರಿಸಿಕೊಂಡ, ನೀನೇ ಅವನ ಎದುರು ಹೇಳು ಎಂದು. ಚೀಲಕ್ಕೆ ಚುಚ್ಚಿ ಬೀಜ ತೆಗೆಯುವ ಕಬ್ಬಿಣದ ಕೊಳವೆ ಸೀಟಿನ ಹಿಂದೆ ಗಡಗಡ ಎನ್ನುತ್ತಿತ್ತು. ಕಾನಸೂರು ಬರುವ ತನಕ ಅದನ್ನೇ ಕೇಳಿದೆ.

ಗಣಪಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಎದ್ದು ಬಂದು, ಒಳಗೆ ಬನ್ನಿ, ಆಸರಿಗೆ ಎಂತ ಬೇಕು, ಕುಡಿಯಲು ನೀರೋ ಮಜ್ಜಿಗೆಯೋ ಎಂದು ಕೇಳಿದ. ನವೀನ ಕಾಲರ್ ಹಿಡಿದ. ಹೊಗೆ ಹಿಡಿದ ಮಾಲು ಕೊಟ್ಟು ಮನೆ ಹಾಳು ಮಾಡಿದೆ ಎಂದು ಸೂಳೆಮಗ ಬೋಳಿಮಗ ಎಲ್ಲ ಆಯಿತು. ಗಣಪಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ನನ್ನನ್ನು ನೋಡಿದ.

"ಆನು ಮುಚ್ಚಿಟ್ಟಿದ್ನಿಲ್ಲೆ. ತಂಗಿ ಮೂಸಿ ನೋಡಿದ್ದು. ಕೇಳು ಬೇಕಾರೆ."

ನವೀನ ನನ್ನ ಕಡೆ ತಿರುಗಿದ.

"ಹೇಳಿದ್ನಾ ಇವ?"

ಒಂದು ಕೋಳಿ ಕೆದಕುತ್ತಿತ್ತು. ಇಲ್ಲ ಎಂದೆ.

ಮೊದಲನೆಯದು ಕೆನ್ನೆಗೆ. ಗಣಪಣ್ಣ ತಿರುಗಿ ಬಿದ್ದ. ಏಳಲು ಹೋದಾಗ ಕೊಳವೆ. ತಲೆಗೆ ಬೀಳಬೇಕಾದದ್ದಕ್ಕೆ ಕೈ ಅಡ್ಡ ಕೊಟ್ಟ. ಮುಂಗೈ ಮುರಿದ ಸದ್ದು ಕೇಳಿತು, ಕಿವಿ ಈಗ ಎಲ್ಲವನ್ನೂ ಕೇಳುತ್ತದೆ. ಇನ್ನೊಂದು. ಇನ್ನೊಂದು ಪಕ್ಕೆಗೆ. ವೆಂಕಮ್ಮನವರು ಒಳಗಿನಿಂದ ಓಡಿ ಬಂದು ಗಂಡನ ಮೇಲೆ ಬಿದ್ದರು, ಅವರ ಬೆನ್ನಿಗೂ ಒಂದು. ನಾನು ನವೀನನ ಸೊಂಟ ಹಿಡಿದು ಎಳೆದೆ. ಹಿಡಿದದ್ದು ಆಮೇಲೆ. ಕೊಳವೆಯ ನಾಲ್ಕು ಏಟು ಬಿದ್ದ ಮೇಲೆ. ನಾಲ್ಕನ್ನೂ ನಿಂತು ನೋಡಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಬ್ಬಿಣ ಹಿಡಿದವನು ಅವನು, ಕಾಸಿ ಕೊಟ್ಟವಳು ನಾನು.

ಜೂನ್ 5

ಡ್ರಮ್ಮು ಹಚ್ಚಲಿಲ್ಲ.

ಜೂನ್ 11

ಸಿದ್ದಾಪುರ ಠಾಣೆಯಲ್ಲಿ ಎರಡು ದೂರು. ವೆಂಕಮ್ಮನವರು ಕೊಟ್ಟದ್ದು ಹೊಡೆತಕ್ಕೆ. ನವೀನ ಕೊಟ್ಟದ್ದು ಮೋಸಕ್ಕೆ: ಕೆಟ್ಟ ಮಾಲು ಮುಚ್ಚಿಟ್ಟು ಕೊಟ್ಟ, ಕೇಳಲು ಹೋದರೆ ಕತ್ತಿ ತೆಗೆದ, ತಪ್ಪಿಸಿಕೊಳ್ಳಲು ಹೊಡೆದೆ ಎಂದು. ಕತ್ತಿ ಎಲ್ಲಿತ್ತು? ಹಗ್ಗ ಇತ್ತು. ನವೀನ ಬೇಲ್ ಮೇಲೆ ಬಂದು ಮನೆಯಲ್ಲಿದ್ದಾನೆ. ಸಾಕ್ಷಿ ನಾನು.

ಇವತ್ತು ವೆಂಕಮ್ಮನವರು ಅಂಗಡಿಗೇ ಬಂದರು, ನವೀನ ಇಲ್ಲದ ಹೊತ್ತು ನೋಡಿ. ಕೂರಲಿಲ್ಲ. ಗಣಪಣ್ಣನ ಕೈಗೆ ಸರಳು ಹಾಕಿದ್ದಾರಂತೆ. ಇನ್ನು ಮರ ಹತ್ತುವುದಾಗುವುದಿಲ್ಲವಂತೆ. ಅದಕ್ಕಲ್ಲ ಬಂದದ್ದು ಎಂದರು.

"ಊರಲ್ಲಿ ಎಲ್ಲ ಮೋಸಗಾರ ಹೇಳ್ತ. ನಮ್ಮನೆಯವು ಊಟ ಬಿಟ್ಟಿದ್ದ. ನೀನು ಮೂಸಿದ್ದು ಹೌದೋ ಅಲ್ದೋ, ಅದೊಂದು ಹೇಳು ತಂಗಿ. ಮತ್ತೆಂತೂ ಬ್ಯಾಡ."

ತಕ್ಕಡಿಯ ತಟ್ಟೆ ಒರೆಸತೊಡಗಿದೆ. ಅವರು ಹೊರಟರು. ಮಗಳ ಹೆರಿಗೆ ಮುಗಿಸಿ ಬಂದಿದ್ದ ಶಮ್ಸುನ್ನಿಸಾ ಅವರನ್ನು ರಸ್ತೆ ದಾಟಿಸಿ, ಬಸ್ಸಿಗೆ ಹತ್ತಿಸಿ ಬಂದಳು. ಬಂದು ನನಗೆ ಬೆನ್ನು ಹಾಕಿ, ಮೊರದಲ್ಲಿ ಬೀಜವನ್ನು ಕೇರುತ್ತಲೇ ಇದ್ದಳು.

ನನ್ನನ್ನೇ ಹೊಡೆದುಕೊಂಡೆ. ಬರೆಯಲು ನಾಚಿಕೆ, ಆದರೆ ಹೌದು. ಚಪ್ಪಲಿಯಿಂದ.

ಜೂನ್ 13. ಸಂಜೆ

ನವೀನನಿಗೆ ಹೇಳಿದೆ. ತಿಂಡಿ ತಿನ್ನುತ್ತಿದ್ದ. ಮೂಗು ಹೋಗಿದೆ, ಫೆಬ್ರವರಿಯಿಂದ ಇಲ್ಲ, ನೀನು ಬಡಿದ ದಿನದಿಂದ ಇಲ್ಲ. ಗಣಪಣ್ಣ ಹೇಳಿದ್ದ, ಮೂಸು ಅಂದಿದ್ದ, ನಾನು ಸುಳ್ಳಾಡಿದೆ. ಡಾಕ್ಟರ ಕಾಗದ ಮುಂದಿಟ್ಟೆ.

ಹೊಡೆಯಲಿ ಎಂದು ನಿಂತೆ. ಬೇಕಿತ್ತು ಹೊಡೆತ. ಒಲೆಯ ಪಕ್ಕ ಕುಟ್ಟಾಣಿ ಇತ್ತು, ಕೈಗೆಟಕುವಷ್ಟು ಹತ್ತಿರ. ಅವನು ಕೈಯೆತ್ತಿದ್ದರೆ ಇವತ್ತು ಒಬ್ಬರು ಉಳಿಯುತ್ತಿರಲಿಲ್ಲ.

ಅವನು ಎರಡು ಸಲ ಕಾಗದ ಓದಿದ. ತಲೆಗೆ ಪೆಟ್ಟು ಎಂದಿರುವ ಸಾಲಿನ ಮೇಲೆ ಬೆರಳಿಟ್ಟ. ಬೆವರಿದ. ಆಮೇಲೆ ನನ್ನ ಕಾಲು ಹಿಡಿದ, ನನ್ನ ಅಣ್ಣ. ಠಾಣೆಯಲ್ಲಿ ಇದನ್ನು ಹೇಳಬೇಡ, ಹೇಳಿದರೆ ನಿನಗೆ ಹೊಡೆದದ್ದೂ ಸೇರುತ್ತದೆ, ನಾನು ಒಳಗೆ ಹೋಗುತ್ತೇನೆ ಎಂದ. ಅಂಗಡಿ ನಿನ್ನ ಹೆಸರಿಗೆ ಬರೆದು ಕೊಡುತ್ತೇನೆ, ಡ್ರಮ್ಮು ನಿನ್ನದು, ಮೂಗಿರಲಿ ಬಿಡಲಿ, ಯಲ್ಲಾಪುರದ ಹೆಸರೆತ್ತುವುದಿಲ್ಲ ಎಂದ.

ಹೇಳಿದ್ದಷ್ಟೇ ಅಲ್ಲ, ಮಧ್ಯಾಹ್ನದೊಳಗೆ ಛಾಪಾ ಕಾಗದ ತಂದ. ಸಹಿ ಹಾಕಿದ.

ಎಷ್ಟು ಖುಷಿಯಾಯಿತು ಎಂದರೆ... ಅವನು ನೆಲದ ಮೇಲೆ, ನಾನು ಕುರ್ಚಿಯ ಮೇಲೆ. ಅಪ್ಪನ ಬೆಲ್ಟು ಕೈಯಲ್ಲಿದ್ದಂತೆ. ನನ್ನೊಳಗೂ ಅದೇ ಜಾತಿಯ ಬೀಜ ಇದೆ, ಬೇರೆ ತಳಿ ಎಂದು ಹೇಳಿಕೊಳ್ಳುವಂತಿಲ್ಲ.

ಜೂನ್ 15

ಛಾಪಾ ಕಾಗದ ದಿಂಬಿನ ಕೆಳಗಿದೆ. ಎರಡು ದಿನದಿಂದ ಹೊಸ ಬೋರ್ಡಿನ ಮೇಲೆ ಯಾರ ಹೆಸರು ಬರೆಸುವುದು ಎಂದು ಯೋಚಿಸುತ್ತಿದ್ದೇನೆ. ನಾಳೆ ನನ್ನ ಹೇಳಿಕೆ. ಗಣಪಣ್ಣ ಹೇಳಲಿಲ್ಲ ಎಂದು ಇನ್ನೊಂದು ಸಲ ಹೇಳಿದರೆ ಸಾಕು. ಒಮ್ಮೆ ಹೇಳಿದ್ದನ್ನೇ ಹೇಳುವುದಕ್ಕೆ ಏನು ಕಷ್ಟ?

ಬೆಳಿಗ್ಗೆ ಬಟ್ಟಲಿಗೆ ಅರೇಬಿಕಾ ಹಾಕಿ ಸೋಸಿದೆ. ನಾಲಿಗೆಗೆ ಹುಳಿಯೂ ಹತ್ತಲಿಲ್ಲ. ಚೆಲ್ಲಿದೆ.

ಜೂನ್ 16. ಸೋಮವಾರ. 11.20. ಸಿದ್ದಾಪುರ ಠಾಣೆ

ಕಾರಿಡಾರಿನ ಬೆಂಚು. ಎದುರಿನ ಬೆಂಚಿನಲ್ಲಿ ಗಣಪಣ್ಣ, ವೆಂಕಮ್ಮನವರು. ಅವನ ಕೈ ಕೊರಳಿಗೆ ಕಟ್ಟಿದೆ, ಬೆರಳುಗಳು ಊದಿ ನೇರಳೆಯಾಗಿವೆ. ಎಡಗೆನ್ನೆಯ ಕೆಳಗೆ ಇನ್ನೂ ಹಳದಿ. ಒಳಗೆ ಬರುವಾಗ ನಾನು ನೋಡದೇ ದಾಟಬೇಕೆಂದಿದ್ದೆ. ಅವನೇ ಕೇಳಿದ, ಆಸರಿಗೆ ಆತಾ ತಂಗಿ ಎಂದು. ವೆಂಕಮ್ಮನವರು ಅವನನ್ನು ಗದರಿದರು. ವ್ಯಂಗ್ಯವಾಗಿ ಕೇಳಿದ್ದಾನೋ ಎಂದು ಮುಖ ನೋಡಿದೆ. ಅಲ್ಲ. ಅವನಿಗೆ ಬೇರೆ ರೀತಿ ಕೇಳಲು ಬರುವುದೇ ಇಲ್ಲ.

ಅಲ್ಲೇ ಬ್ಯಾಗಿನಿಂದ ಛಾಪಾ ಕಾಗದ ತೆಗೆದು ನವೀನನ ಶರ್ಟಿನ ಜೇಬಿಗೆ ತುರುಕಿದೆ. ಅವನಿಗೆ ತಕ್ಷಣ ತಿಳಿಯಿತು.

11.35

ನವೀನ ಪಕ್ಕದಲ್ಲೇ ಇದ್ದಾನೆ. ನನ್ನ ಎಡ ಮಣಿಕಟ್ಟು ಅವನ ಮುಷ್ಟಿಯಲ್ಲಿದೆ, ಬ್ಯಾಗಿನ ಮರೆಯಲ್ಲಿ, ಪೊಲೀಸರಿಗೆ ಕಾಣದಂತೆ. ತಿರುಚುತ್ತಿದ್ದಾನೆ. ಯಲ್ಲಾಪುರದವನಿಗೆ ಫೋನು ಮಾಡಿದ್ದೇನೆ, ಹೊರಗೆ ಜೀಪಿನಲ್ಲಿ ಕೂತಿದ್ದಾನೆ ಎಂದು ಕಿವಿಯಲ್ಲಿ ಹೇಳಿದ. ನಿಜವಿರಬಹುದು. ಬೆರಳುಗಳು ಮರಗಟ್ಟುತ್ತಿವೆ. ಮುರಿದರೆ ಮುರಿಯಲಿ, ಪೆನ್ನು ಬಲಗೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ, ಬರೆಯುವಷ್ಟು ಹೊತ್ತು ಕೂಗುವುದಿಲ್ಲ.

ಹೆದರಿಕೆ ಇದೆ.

ಹೆಸರು ಕರೆದರು. ಬಿಡು ಎಂದೆ. ಬಿಡುತ್ತಿಲ್ಲ. ಇನ್ನೊಂದು ಸಲ ಕರೆದರು. ಹೀಗೇ ಎಳೆದುಕೊಂಡು ಹೋಗುತ್ತೇನೆ, ಎಲ್ಲರೂ ನೋಡಲಿ. ಒಳಗೆ ಹೋಗಿ ಮೊದಲು ಹೇಳುವುದು ಇಷ್ಟು, ಗಣಪಣ್ಣ ಮುಚ್ಚಿಡಲಿಲ್ಲ, ಮೂಸಿ ನೋಡು ಎಂದು ಅವನೇ ಹೇಳಿದ್ದ, ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದ, ಬೆರೆಸಿದ್ದು ನಾನು, ನನಗೆ ಮೂಗು—